ಎರಡೂ ಸೋಲು, ನಾಳೆ ಖಂಡಿತ

ಕೆಳಗೆ ಬೂಟು ರಿಪೇರಿ ಅಂಗಡಿ, ಅದರ ನೆತ್ತಿಯ ಮೇಲೆ ಡ್ಯಾನ್ಸ್ ಕ್ಲಾಸು ಇದ್ದರೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ವಾರಕ್ಕೆ ಎರಡು ಸಲ ನಗು ಸವೆದ ಬೂಟು ಕೈಯಲ್ಲಿ ಹಿಡಿದುಕೊಂಡು ತಾನೇ ಮೆಟ್ಟಿಲು ಇಳಿದು ಬರುತ್ತದೆ.

ಅಂಗಡಿ ನಮ್ಮ ಸೋದರಮಾವನದು. ದಿಲ್ಲಿಯ ಮಯೂರ್ ವಿಹಾರದ ಒಂದು ಮಾರ್ಕೆಟ್ಟಿನಲ್ಲಿ, ಹಾಲಿನ ಬೂತಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಇದೆ. ಮಾವ ಮೊದಲು ನೋಯ್ಡಾದ ಬೂಟು ಕಂಪನಿಯೊಂದರಲ್ಲಿ ಸ್ಯಾಂಪಲ್ ಮಾಡುತ್ತಿದ್ದ, ಆಮೇಲೆ ಸ್ವಂತ ಅಂಗಡಿ ಹಾಕಿದ. ನಾನು ಇಲ್ಲಿಗೆ ಬಂದದ್ದು ಗಣಿತದ ದಯೆಯಿಂದ. ಹತ್ತನೇ ಕ್ಲಾಸಿನ ಮಿಕ್ಕ ವಿಷಯಗಳೆಲ್ಲ ಹೇಗೋ ನನ್ನನ್ನು ದಾಟಿಸಿದವು, ಗಣಿತ ಮಾತ್ರ ಎರಡು ಸಲ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿತು. ಮೂರನೇ ಸಲ ನಾನೇ ಹೋಗಲಿಲ್ಲ. ಮರ್ಯಾದೆ ಅಂತ ಒಂದು ಇರುತ್ತದಲ್ಲ.

ಅವ್ವ ದಾವಣಗೆರೆಯಿಂದ ರೈಲು ಹತ್ತಿಸುವಾಗ ಚೀಲದಲ್ಲಿ ಬಟ್ಟೆ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಆ ಗಣಿತದ ಪುಸ್ತಕ ಮೂರನ್ನೂ ತುಂಬಿದ್ದಳು. ಚಟ್ನಿಪುಡಿ ಎಂಟು ದಿನಕ್ಕೆ ಮುಗಿಯಿತು. ಪುಸ್ತಕಕ್ಕೆ ಅಂಗಡಿಯಲ್ಲೇ ಕೆಲಸ ಸಿಕ್ಕಿತು. ಬೂಟಿನ ತಳದ ಅಟ್ಟೆಗೆ ಅಂಟಿನ ಸಲೂಷನ್ ಹಚ್ಚಿದ ಮೇಲೆ ಅದು ಬಿಗಿಯುವವರೆಗೆ ಏನಾದರೂ ಭಾರ ಹೇರಬೇಕು. ಗಣಿತ ಭಾರ ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ನಾನು ಪ್ರಯೋಗ ಮಾಡಿ ತೋರಿಸಿದೆ. ಒಂದು ದಿನ ಸಲೂಷನ್ ಡಬ್ಬಿ ಉರುಳಿ ತ್ರಿಕೋನಮಿತಿಯಿಂದ ಕೊನೇ ಪಾಠದವರೆಗೆ ಹಾಳೆಗಳೆಲ್ಲ ಅಂಟಿಕೊಂಡುಬಿಟ್ಟವು. ಡಬ್ಬಿ ಹೇಗೆ ಉರುಳಿತು ಅಂತ ಮಾವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೆ ಅವತ್ತೇ ಕಾನೂನು ಜಾರಿಯಾಯಿತು. "ನೋಡಲೇ," ಅಂದ ಮಾವ, "ಎರಡು ತರಲೆ ಮಾಫ್. ಮೂರನೇದಕ್ಕೆ ಟಿಕೆಟ್ ತೆಗಿಸಿ ಊರಿಗೆ ಕಳಿಸ್ತೀನಿ. ಸ್ಟೇಷನ್ನಿಂದ ಮನೆಗಲ್ಲ, ಸೀದಾ ಪರೀಕ್ಷೆ ಹಾಲಿಗೆ."

ಹಾಗಾಗಿ ಮುಂದೆ ಹೇಳುವುದನ್ನೆಲ್ಲ ನೀವು ಬೆರಳು ಮಡಚಿಕೊಂಡೇ ಓದಬೇಕು.

ಏಡಿ

ಇದು ಲೆಕ್ಕಕ್ಕಿಲ್ಲ. ಕಾನೂನು ಬರುವ ಮೊದಲೇ, ನಾನು ಬಂದ ಮೂರನೇ ದಿನ ನಡೆದದ್ದು.

ಮಾವ ಚಾ ತರಲು ಹೋಗಿದ್ದ. ಮೇಲಿನ ಕ್ಲಾಸಿನ ಹುಡುಗಿಯೊಬ್ಬಳು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಕುಂಟುತ್ತಾ ಬಂದಳು. "ಭಯ್ಯಾ, ಏಡಿ ಟೂಟ್ ಗಯೀ!"

ನನ್ನ ಹಿಂದಿಯೆಲ್ಲ ರೈಲಿನಲ್ಲಿ ಕಲಿತದ್ದು. 'ಟೂಟ್ ಗಯೀ' ಅಂದರೆ ಮುರೀತು ಅಂತ ಅಂದಾಜಾಯಿತು. ಇನ್ನು ಏಡಿ ನನಗೆ ಗೊತ್ತಿಲ್ಲದ್ದೇ? ಭದ್ರಾ ನಾಲೆಯ ಬಯಲಿನಲ್ಲಿ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿದು ಬೆಳೆದವನು ನಾನು. ದಿಲ್ಲಿಯವರು ಏಡಿ ಸಾಕುತ್ತಾರೆ, ಪಾಪ, ಅದರ ಕಾಲು ಮುರಿದಿದೆ, ರಿಪೇರಿ ಅಂತ ಬೋರ್ಡು ನೋಡಿ ಇಲ್ಲಿಗೆ ತಂದಿದ್ದಾಳೆ ಅಂದುಕೊಂಡೆ.

"ಕಿತನಾ ಪೈರ್ ಟೂಟಾ?" ಅಂತ ಕೇಳಿದೆ. ಎಷ್ಟು ಕಾಲು ಮುರಿದಿವೆ ಅಂತ.

ಹುಡುಗಿ ಗಾಬರಿಯಾಗಿ ಬಗ್ಗಿ ತನ್ನ ಕಾಲು ನೋಡಿಕೊಂಡಳು. "ಪೈರ್ ಠೀಕ್ ಹೈ ಭಯ್ಯಾ. ಏಡಿ ಟೂಟೀ ಹೈ."

"ಜಿಂದಾ ಹೈ?" ಅಂದೆ, ಬದುಕಿದೆಯಾ ಅಂತ, ದನಿ ತಗ್ಗಿಸಿ.

ಆಗ ಅವಳು ಹಿಂದಿನ ಕೈ ಮುಂದೆ ತಂದಳು. ಕೆಂಪು ಡ್ಯಾನ್ಸ್ ಚಪ್ಪಲಿ, ಅದರ ಹೀಲು ಒಂದೇ ಮೊಳೆಯಲ್ಲಿ ನೇತಾಡುತ್ತಿತ್ತು. ಹಿಂದಿಯಲ್ಲಿ ಏಡಿ ಅಂದರೆ ಹಿಮ್ಮಡಿಯಂತೆ! ಚಾ ಹಿಡಿದು ಬಂದ ಮಾವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನು ನಕ್ಕ ರಭಸಕ್ಕೆ ಎರಡು ಲೋಟದ ಚಾದಲ್ಲಿ ಒಂದು ಲೋಟ ನೆಲಕ್ಕೇ ಹೋಯಿತು.

ಈಗಲೂ ಹೀಲು ಮುರಿದ ಚಪ್ಪಲಿ ಬಂದರೆ ಅವನು ಅದನ್ನು ನನ್ನ ಕಡೆ ತಳ್ಳುತ್ತಾನೆ. "ತಗಳಲೇ, ನಿನ್ನ ಪೇಷೆಂಟು. ಜೀವ ಇದೆಯಾ ನೋಡು."

ನಾಚೋ

ನಮ್ಮ ಗಿರಾಕಿಗಳಲ್ಲಿ ಒಂದು ಕನ್ನಡದ ಜೋಡಿ ಇದೆ. ಅಂಕಲ್ ಸರ್ಕಾರದಲ್ಲಿ ಅಂಡರ್ ಸೆಕ್ರೆಟರಿ ಆಗಿ ರಿಟೈರ್ ಆದವರು. ಆಂಟಿಯೂ ಎಲ್ಲೋ ಕೆಲಸ ಮಾಡಿ ರಿಟೈರ್ ಆದವರು, ಎಲ್ಲಿ ಅಂತ ನಾನು ಆಗ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಹುಷಾರಾಗಿರುತ್ತಿದ್ದೆ. ಎದುರಿನ ಸೊಸೈಟಿಯಲ್ಲೇ ಅವರ ಮನೆ.

ಅಂಕಲ್ ನಮ್ಮ ಸ್ಟೂಲಿನ ಮೇಲೆ ಕೂತು ಕನ್ನಡ ಮಾತಾಡುವ ಚಟಕ್ಕೇ ಬೂಟು ಸವೆಸುತ್ತಾರೇನೋ ಅಂತ ನನ್ನ ಗುಮಾನಿ. ಒಂದು ದಿನ ಹೇಳಿದರು: "ನಮ್ಮ ಮದುವೆ ಫೋಟೋ ನೋಡಬೇಕು ನೀನು. ನಮ್ಮಿಬ್ಬರ ನಡುವೆ ಇನ್ನೊಬ್ಬರು ಆರಾಮಾಗಿ ಕೂರಬಹುದು. ಆಮೇಲೂ ಹಾಗೇ ಆಯ್ತು, ಆಫೀಸು, ಮನೆ, ಆಫೀಸು. ಈ ಡಿಸೆಂಬರಿನಲ್ಲಿ ಕ್ಲಾಸಿನ ಸ್ಪರ್ಧೆ ಇದೆಯಲ್ಲ, ಅದರಲ್ಲಿ ಇವಳ ಕೈ ಹಿಡಿದು ನಾಲ್ಕು ಜನರ ಎದುರು ಒಂದು ಸಲ ಕುಣಿದುಬಿಡಬೇಕು. ಅಷ್ಟೇ ಆಸೆ."

ಆದರೆ ಅವರು ಕ್ಲಾಸು ಸೇರಿದ ಮೊದಲನೇ ದಿನವೇ ಪೇಚಾಟ. ದಿಲ್ಲಿಯಲ್ಲಿ ನಲವತ್ತು ವರ್ಷ ಇದ್ದರೂ ಗಾಬರಿಯಾದಾಗ ಆಂಟಿಯ ಕಿವಿ ಕನ್ನಡಕ್ಕೆ ಓಡಿಹೋಗುತ್ತದಂತೆ. ಡ್ಯಾನ್ಸ್ ಮಾಸ್ಟರ್ ಚಪ್ಪಾಳೆ ತಟ್ಟಿ, "ನಾಚೋ, ಆಂಟೀಜೀ, ನಾಚೋ!" ಅಂದಿದ್ದಾನೆ. ಕುಣೀರಿ ಅಂತ. ಆಂಟಿ ಸೆರಗು ಹೊದ್ದು ತಲೆ ತಗ್ಗಿಸಿ ನಾಚಿದ್ದಾರೆ. "ಔರ್ ನಾಚೋ!" ಅಂದ. ಇನ್ನೂ ನಾಚಿ ಕಂಬದ ಹಿಂದೆ ಹೋದರು. "ಖುಲ್ ಕೇ ನಾಚೋ!" ಅಂತ, ಮನಬಿಚ್ಚಿ ಕುಣೀರಿ ಅಂತ, ಕೂಗಿದ ಮೇಲೆ ಆಂಟಿ ಕಾಣಿಸಲೇ ಇಲ್ಲವಂತೆ.

"ಅವನು ಹಿಂದಿಯಲ್ಲಿ ಹೇಳಿದ್ದನ್ನು ಇವಳು ಕನ್ನಡದಲ್ಲಿ ಪಾಲಿಸ್ತಿದ್ದಳು," ಅಂದರು ಅಂಕಲ್.

ಎರಡನೇ ದಿನ ಮಾಸ್ಟರ್ ಎಣಿಸಿ ಹೇಳಿಕೊಡಲು ಶುರು ಮಾಡಿದ. ವಾಲ್ಟ್ಸ್ ಅನ್ನುವ ಜೋಡಿ ಕುಣಿತಕ್ಕೆ ಮೂರೇ ಹೆಜ್ಜೆ. ಏಕ್ ದೋ ತೀನ್, ಏಕ್ ದೋ ತೀನ್. ಅರ್ಧ ಗಂಟೆ ಇದೇ ಆಯಿತು. ಕೊನೆಗೆ ಆಂಟಿ ತಡೆಯಲಾರದೆ ಕೈ ಎತ್ತಿದರು: "ಮಾಸ್ಟರ್‌ಜೀ, ಚಾರ್ ಕಬ್ ಆಯೇಗಾ?" ನಾಲ್ಕು ಯಾವಾಗ ಬರುತ್ತೆ ಅಂತ.

ಬ್ರೇಕು

ಈಗ ಮೊದಲನೇ ಬೆರಳು ಮಡಚಿ. ಆದರೆ ಇದನ್ನು ತರಲೆ ಅಂತ ಬರೆದುಕೊಂಡವನು ಮಾವ. ನನ್ನ ಪ್ರಕಾರ ಇದು ಸಮಾಜಸೇವೆ.

ಮಾವ ಚರ್ಮ ತರಲು ಆಗ್ರಾಕ್ಕೆ ಹೋಗಿದ್ದ ದಿನ ಅಂಕಲ್ ತಮ್ಮ ಡ್ಯಾನ್ಸ್ ಬೂಟು ಕೊಟ್ಟು ಹೋದರು. ಮಗುಚಿ ನೋಡಿದೆ. ಅಟ್ಟೆ ತೆಳ್ಳಗೆ ದೋಸೆಯ ಹಾಗಿತ್ತು, ಅದೂ ಮೆತ್ತನೆ ಚರ್ಮದ್ದು, ಮುಟ್ಟಿದರೆ ಮೊಲದ ಕಿವಿಯಂತೆ ನವಿರು. ಇಷ್ಟು ದೊಡ್ಡ ಮನುಷ್ಯರಿಗೆ ಯಾರೋ ಅಂಗಡಿಯವನು ಮೋಸ ಮಾಡಿದ್ದಾನೆ ಅಂತ ಹೊಟ್ಟೆ ಉರಿಯಿತು. ಹಳೇ ಟ್ರಕ್ಕಿನ ಟೈರು ಕೊಯ್ದು ಬೆರಳು ದಪ್ಪದ ಅಟ್ಟೆ ಹಚ್ಚಿ, ಸುತ್ತಲೂ ಹೊಲಿದು, ಮೇಲೆ ಗಣಿತ ಹೇರಿ ಸಂಜೆಗೆ ಕೊಟ್ಟೆ. "ಅಂಕಲ್, ಇನ್ನು ನೀವು ಸವೆಯಬಹುದು, ಇದು ಸವೆಯಲ್ಲ," ಅಂದೆ.

ಮೇಲೆ ಸಂಗೀತ ಶುರುವಾಯಿತು. ಐದು ನಿಮಿಷಕ್ಕೆ ಧಡ್ ಅಂತ ಸದ್ದು. ನಮ್ಮ ತಗಡಿನ ಡಬ್ಬಿಗಳೆಲ್ಲ ಅದುರಿದವು.

ಆದದ್ದು ಇಷ್ಟು. ಗಿರಕ್ಕನೆ ತಿರುಗುವ ಹೆಜ್ಜೆ ಬಂದಾಗ ಅಂಕಲ್ ತಿರುಗಿದ್ದಾರೆ, ಬೂಟು ತಿರುಗಿಲ್ಲ. ಅಂಕಲ್ಲಿನ ಮೇಲರ್ಧ ಯಮುನೆ ಕಡೆಗೆ, ಕೆಳಗರ್ಧ ಇನ್ನೂ ನೋಯ್ಡಾ ಕಡೆಗೆ. ಕೊನೆಗೆ ಆಂಟಿ ನಾಚಿ ನಿಂತಿದ್ದ ಅದೇ ಕಂಬವನ್ನು ತಬ್ಬಿಕೊಂಡು ಬಚಾವಾದರು. ಮಾಸ್ಟರ್ ಒಂದು ಬೂಟು ಹಿಡಿದು ಕೆಳಗಿಳಿದು ಬಂದ. "ಯೇ ಜೂತಾ ಹೈ ಯಾ ಬ್ರೇಕ್?" ಇದು ಬೂಟೋ ಬ್ರೇಕೋ ಅಂತ.

ರಾತ್ರಿ ಊಟಕ್ಕೆ ಕೂತಾಗ ಮಾವ ಬಿಡಿಸಿ ಹೇಳಿದ. "ರಸ್ತೆ ಮೇಲಿನ ಬೂಟು ಜಾರಬಾರದು, ಡ್ಯಾನ್ಸಿನ ಬೂಟು ಜಾರಲೇಬೇಕು. ಅದಕ್ಕೇ ಆ ಮೆತ್ತನೆ ಚರ್ಮ. ಆ ನೆಲದ ಧೂಳು ಮೆತ್ತಿ ಅದು ನುಣ್ಣಗಾದರೆ ತಂತಿ ಬ್ರಷ್ಷಿನಿಂದ ಉಜ್ಜಿ ನವಿರೆಬ್ಬಿಸಿ ಕೊಡಬೇಕು, ಟೈರು ಹಚ್ಚೋದಲ್ಲ. ಒಂದು ಆಯ್ತು ನೋಡು!"

ಅಂಕಲ್ ಮಾತ್ರ ಸಿಟ್ಟಾಗಲಿಲ್ಲ. ಮಾರನೇ ದಿನ ಸೊಂಟ ಹಿಡಿದುಕೊಂಡೇ ಬಂದು ಸ್ಟೂಲಿನ ಮೇಲೆ ಕೂತರು. "ಸರ್ಕಾರಿ ಕುರ್ಚಿಗೂ ನಾನು ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರಲಿಲ್ಲ ಕಣಯ್ಯ," ಅಂದರು.

ಉಜ್ಜಿಕೊಟ್ಟ ಅಭ್ಯಾಸ

ಅದಾದ ಮೇಲೆ ಮಾವ ನನಗೆ ಅಟ್ಟೆ ಓದಲು ಕಲಿಸಿದ. ಅಕ್ಷರ ಓದುವುದಕ್ಕಿಂತ ಇದು ಸುಲಭ. ಹಿಮ್ಮಡಿ ಸವೆದಿದ್ದರೆ ಮುಂದಕ್ಕೆ ಹೆಜ್ಜೆ ಹಾಕುವವರು, ತುದಿ ಸವೆದಿದ್ದರೆ ಹಿಂದಕ್ಕೆ ಹೋಗುವವರು. ಒಳಗಡೆ ಅಂಚು ತಿಂದಿದ್ದರೆ ಕಾಲು ಎಳೆಯುವವರು. ಏನೂ ಸವೆದಿಲ್ಲದಿದ್ದರೆ ಕ್ಲಾಸಿಗೆ ಬರೀ ಹಾಜರಿ ಹಾಕುವವರು.

ನಾನು ಸುಮ್ಮನಿರಲಿಲ್ಲ. ಬಂದವರ ಬೂಟು ಮಗುಚಿ ಭವಿಷ್ಯ ಹೇಳಲು ಶುರು ಮಾಡಿದೆ. "ನಿಮ್ಮ ಬಲಗಾಲಿನ ಮೇಲೆ ಯಾರೋ ನಿಲ್ಲುತ್ತಿದ್ದಾರೆ, ಗುರುವಾರದ ತನಕ ಹುಷಾರು." ಎಲ್ಲ ಸರಿಹೋಗುತ್ತಿತ್ತು. ಬೂಟು ಜ್ಯೋತಿಷಿ ಅಂತ ಮೇಲಿನ ಕ್ಲಾಸಿನಲ್ಲೆಲ್ಲ ಹೆಸರಾಯಿತು. ಮಾಸ್ಟರ್‌ಗೂ ಸುದ್ದಿ ಮುಟ್ಟಿ, ಅವನು ಶಿಷ್ಯರ ಬೂಟು ಮಗುಚಿ ಮನೆಯಲ್ಲಿ ಅಭ್ಯಾಸ ಮಾಡಿದ್ದಾರೋ ಇಲ್ಲವೋ ಅಂತ ತಪಾಸಣೆ ಶುರು ಮಾಡಿದ.

ಆಗ ಸಿಕ್ಕಿಬಿದ್ದವನು ಇಂದಿರಾಪುರಂನಲ್ಲಿರುವ ಹಾಸನದ ಐಟಿ ಅಣ್ಣ. ಅವನ ಅಟ್ಟೆ ಅಂಗಡಿಯಿಂದ ತಂದ ಹಾಗೇ ಇತ್ತು.

"ತಮ್ಮಾ, ನಾಳೆ ಚೆಕಿಂಗ್ ಇದೆ," ಅಂತ ಗೋಗರೆದ. "ಎರಡು ವಾರದ ಪ್ರಾಕ್ಟೀಸ್ ಸವೆಸಿಕೊಡು ಮಾರಾಯ."

"ಅಣ್ಣಾ, ಇದು ತಪ್ಪಲ್ವಾ?"

"ಆಫೀಸಿನಲ್ಲಿ ನಾವು ಇದನ್ನೇ ರಿಪೋರ್ಟ್ ಅಂತೀವಿ. ಉಜ್ಜು."

ಮರಳು ಕಾಗದ ತಗೊಂಡು ಉಜ್ಜಿದೆ. ಉಜ್ಜುವಾಗ ಕೈ ಒಂದು ಕಡೆ, ಬುದ್ಧಿ ಒಂದು ಕಡೆ. ಹಿಮ್ಮಡಿ ಬಿಟ್ಟು ಬರೀ ತುದಿಯನ್ನೇ ಸವೆಸಿದೆ. ಬೇಕಂತಲೇ ಮಾಡಿದೆಯಾ ಅಂತ ಕೇಳಬೇಡಿ.

ಮಾರನೇ ದಿನ ಮಾಸ್ಟರ್ ಬೂಟು ಮಗುಚಿ ನೋಡಿ ಕಣ್ಣರಳಿಸಿದ. "ವಾಹ್! ಎಷ್ಟು ಅಭ್ಯಾಸ! ಆದರೆ ಇದು ಹಿಂದಕ್ಕೆ ನಡೆದೂ ನಡೆದೂ ಸವೆದ ಬೂಟು. ಹಿಂದಕ್ಕೆ ನಡೆಯೋದು ಹುಡುಗಿಯರ ಹೆಜ್ಜೆ. ಅಚ್ಛಾ, ನೀನು ಗುಟ್ಟಾಗಿ ಅದನ್ನು ಕಲೀತಿದೀಯಾ?" ಕ್ಲಾಸಿನಲ್ಲಿ ಹೇಗೂ ಹುಡುಗಿಯರು ಕಮ್ಮಿ ಇದ್ದರು.

ಅವತ್ತಿನಿಂದ ಐಟಿ ಅಣ್ಣ ರೋಹಿಣಿಯಿಂದ ಬರುವ ಒಬ್ಬ ದಪ್ಪ ಮೀಸೆಯ ಬ್ಯಾಂಕ್ ಮ್ಯಾನೇಜರಿಗೆ ಹುಡುಗಿ ಪಾರ್ಟ್ನರ್. ಈಗ ಅವನ ಅಟ್ಟೆಯ ತುದಿ ನಿಜವಾಗಿಯೂ ಸವೆಯುತ್ತಿದೆ, ನಾನು ಉಜ್ಜಬೇಕಾಗಿಲ್ಲ.

ಮಾವ ಎರಡು ಬೆರಳು ಎತ್ತಿ ತೋರಿಸಿದ.

ಸೋಲು

ಡಿಸೆಂಬರ್ ಬಂತು. ಸ್ಪರ್ಧೆಯ ಹಿಂದಿನ ವಾರ ಇಡೀ ಕ್ಲಾಸಿನ ಬೂಟು ಒಟ್ಟಿಗೇ ಬಂದು ಬಿದ್ದವು. ಕರಿ ಬೂಟುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ. ಅದಕ್ಕೆ ಒಂದೊಂದು ಜೊತೆಗೂ ರಟ್ಟಿನ ಚೀಟಿ ಬರೆದು ದಾರದಲ್ಲಿ ಕಟ್ಟುವ ಕೆಲಸ ನನ್ನದಾಯಿತು. ಯಾರದು, ಏನು ರಿಪೇರಿ, ಯಾವತ್ತು ಕೊಡಬೇಕು, ಮೂರೇ ಮಾತು. ಬರೆಯುವುದು ನಾನು, ಓದುವುದು ಮಾವ, ಆದ್ದರಿಂದ ಕನ್ನಡದಲ್ಲೇ ಬರೆದೆ.

ಅವ್ವನಾಣೆ, ಇದರಲ್ಲಿ ತರಲೆ ಇರಲಿಲ್ಲ. ಟಿಕೆಟ್ಟಿನ ಭಯಕ್ಕೆ ಆ ವಾರ ನಾನು ದೇವರಂಥ ಹುಡುಗ ಆಗಿದ್ದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಅಂಕಲ್ ಬಂದು ತಮ್ಮ ಬೂಟನ್ನೂ ಆಂಟಿಯ ಚಪ್ಪಲಿಯನ್ನೂ ತಗೊಂಡು ಹೋದರು. ಅರ್ಧ ಗಂಟೆಗೆ ಆಂಟಿ ಬಂದರು. ರೇಷ್ಮೆ ಸೀರೆ, ಮೇಲೆ ಸ್ವೆಟರು, ಮುಖ ಮಾತ್ರ ಬಿಗಿದ ಗಂಟು. ಹಿಂದೆ ಅಂಕಲ್ ಓಡೋಡಿ ಬರುತ್ತಿದ್ದರು. ಆಂಟಿ ಚೀಟಿಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಇದನ್ನ ಬರೆದೋರು ಯಾರು?"

ಓದಿದೆ. ನನ್ನ ಅಕ್ಷರವೇ.

*ಆಂಟಿಗೆ ಎರಡೂ ಸೋಲು. ನಾಳೆ ಖಂಡಿತ.*

"ಚಪ್ಪಲಿ ಕೊಟ್ಟಿದ್ದು ನಿನ್ನೆ, ನಾಳೆ ಅಂದರೆ ಇವತ್ತೇ. ನಾವು ಹೆಸರು ಕೊಟ್ಟಿರೋದೂ ಎರಡೇ ಡ್ಯಾನ್ಸಿಗೆ," ಅಂದರು ಆಂಟಿ. "ನೀನು ಬೂಟು ನೋಡಿ ಹೇಳೋದೆಲ್ಲ ನಿಜ ಆಗುತ್ತಂತೆ, ಮೇಲೆ ಎಲ್ಲರೂ ಹೇಳ್ತಾರೆ. ರೀ, ನಾನು ಬರಲ್ಲ. ಈ ವಯಸ್ಸಿನಲ್ಲಿ ಸ್ಟೇಜ್ ಹತ್ತಿ ನಗೆಪಾಟಲಾಗೋದು ಬೇಡ."

"ಅಯ್ಯೋ, ಅಲ್ಲ ಕಣೇ, ಒಂದು ವರ್ಷದಿಂದ ಕಲೀತಿದೀವಿ!" ಅಂಕಲ್ ಮುಖ ಗಾಳಿ ಹೋದ ಟ್ಯೂಬಿನಂತೆ ಆಯಿತು. ಅವರ ಒಂದೇ ಆಸೆ ನನ್ನ ಒಂದು ಚೀಟಿಯಿಂದ ಮಣ್ಣುಪಾಲು. ಅತ್ತ ಮಾವ ಮೂರನೇ ಬೆರಳು ಎತ್ತಿ, ಇನ್ನೊಂದು ಕೈಯಲ್ಲಿ ಫೋನ್ ತೆಗೆದು ರೈಲಿನ ಟಿಕೆಟ್ ಹುಡುಕತೊಡಗಿದ್ದ.

"ಆಂಟಿ, ಅದು ಆ ಸೋಲಲ್ಲ! ಬೂಟಿನ ಸೋಲು!" ಅಂದೆ. "ಅಟ್ಟೆಗೆ ಎಲ್ಲರೂ ಸೋಲ್ ಅಂತಾರಲ್ಲ. ನಮ್ಮ ಕಡೆ ಬಸ್ ಅಂದರೆ ಬಸ್ಸು, ಕಾರ್ ಅಂದರೆ ಕಾರು. ಹಾಗೇ ಸೋಲ್ ಅಂದರೆ ಸೋಲು. ನಿಮ್ಮ ಎರಡೂ ಚಪ್ಪಲಿಗೆ ಹೊಸ ಸೋಲು, ನಾಳೆ ಖಂಡಿತ ಕೊಡಬೇಕು ಅಂತ ನಿನ್ನೆ ಬರೆದದ್ದು!"

ಆಂಟಿ ನಂಬಲಿಲ್ಲ. ನನ್ನ ಹೆಸರು ಅಷ್ಟು ಚೆನ್ನಾಗಿತ್ತು. ದಿಕ್ಕು ತೋಚದೆ ಗೂಡಿನಲ್ಲಿದ್ದ ಮಿಕ್ಕ ಬೂಟುಗಳನ್ನೆಲ್ಲ ಎಳೆದು ಅವರ ಮುಂದೆ ಸಾಲಾಗಿ ಇಟ್ಟೆ. "ಓದಿ ಆಂಟಿ, ನೀವೇ ಓದಿ."

ಆಂಟಿ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಚೀಟಿ ಜೋರಾಗಿ ಓದಿದರು.

"ಬ್ಯಾಂಕ್ ಮ್ಯಾನೇಜರ್. ಅರ್ಧ ಸೋಲು."

"ಐಟಿ ಅಣ್ಣ. ಮುಂದೆ ಸೋಲು, ಹಿಂದೆ ಏಡಿ."

"ಕೆಂಪು ಚಪ್ಪಲಿ ಹುಡುಗಿ. ಹಳೇ ಸೋಲು ಕಿತ್ತು ಹೊಸ ಸೋಲು."

"ಡ್ಯಾನ್ಸ್ ಮಾಸ್ಟರ್. ಪೂರ್ತಿ ಸೋಲು, ಅರ್ಜೆಂಟ್."

"ನೋಡಿದಿರಾ?" ಅಂದೆ. "ಇಡೀ ಕ್ಲಾಸೇ ಸೋತಿದೆ ಆಂಟಿ. ನೀವೂ ಮನೇಲಿ ಕೂತರೆ ಗೆಲ್ಲೋದಕ್ಕೆ ಜನವೇ ಇರಲ್ಲ."

ಆಂಟಿಯ ಮುಖದ ಗಂಟು ತುಟಿಯ ಹತ್ತಿರ ಸಡಿಲಾಯಿತು. 'ಮುಂದೆ ಸೋಲು, ಹಿಂದೆ ಏಡಿ' ಅಂತ ಇನ್ನೊಮ್ಮೆ ಓದಿದರು. ಆಮೇಲೆ ನಕ್ಕರು ನೋಡಿ, ಸ್ಟೂಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಅಂಕಲ್ ಆ ಸಮಯ ನೋಡಿ ಮೆಲ್ಲಗೆ ಅವರ ಕೈ ಹಿಡಿದರು. ಹಾಗೇ ಕರೆದುಕೊಂಡು ಹೋದರು.

ಸಂಜೆಯವರೆಗೆ ಮಾವನ ಫೋನಿನಲ್ಲಿ ಟಿಕೆಟ್ಟಿನ ಪುಟ ತೆರೆದೇ ಇತ್ತು, ಅವನ ಹೆಬ್ಬೆರಳು ಅದರ ಹತ್ತಿರವೇ ಅಡ್ಡಾಡುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು, ಕೈಯಲ್ಲಿ ಒಂದು ಡಬ್ಬಿ ಗಜಕ್, ಇಲ್ಲಿನ ಎಳ್ಳು-ಬೆಲ್ಲದ ಮಿಠಾಯಿ.

"ಏನಾಯ್ತು?" ಅಂದ ಮಾವ.

"ಎರಡೂ ಸೋಲು," ಅಂದರು ಅಂಕಲ್, ಮುಖ ಇಷ್ಟಗಲ ಮಾಡಿಕೊಂಡು. "ಖಂಡಿತವಾಗಿ! ಎರಡರಲ್ಲೂ ಕೊನೇ ನಂಬರು. ಆದರೆ ಕುಣಿದೆವು ಕಣಯ್ಯ. ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಇವಳು ಕಂಬದ ಹಿಂದೆ ಹೋಗಲಿಲ್ಲ. ಅಲ್ಲಿ ಕಂಬವೇ ಇರಲಿಲ್ಲ ಅನ್ನು."

ನನಗೆ ನೆಮ್ಮದಿಯಾಯಿತು. ಮಾವ ಫೋನು ಜೇಬಿಗೆ ಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಂಟಿ ಮೇಜಿನ ಮೇಲೆ ಒಣಗುತ್ತಿದ್ದ ಬೂಟನ್ನು ಸರಿಸಿ, ಅದರ ಮೇಲಿದ್ದ ಭಾರವನ್ನು ಕೈಗೆ ತಗೊಂಡರು.

"ಇದೇನು, ಹತ್ತನೇ ಕ್ಲಾಸಿನ ಗಣಿತ?"

"ಇವನದೇ ಮೇಡಂ," ಅಂದ ಮಾವ, ಯಾರೂ ಕೇಳದಿದ್ದರೂ. "ಎರಡು ಸಲ ಡುಮ್ಕಿ."

"ಇವಳು ಮೂವತ್ತೆರಡು ವರ್ಷ ಗಣಿತದ ಟೀಚರ್ ಆಗಿದ್ದಳು," ಅಂದರು ಅಂಕಲ್, ನನ್ನ ಕಡೆ ಕರುಣೆಯಿಂದ ನೋಡುತ್ತಾ. ಚಾರ್ ಕಬ್ ಆಯೇಗಾ ಅಂತ ಕೇಳಿದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಆಂಟಿ ಪುಸ್ತಕವನ್ನು ಬೂಟಿನ ಹಾಗೆ ಮಗುಚಿ ನೋಡಿದರು. ಬೆನ್ನು ನೋಡಿದರು, ಅಂಚು ನೋಡಿದರು. "ಮೊದಲ ಎರಡು ಪಾಠ ಸ್ವಲ್ಪ ಸವೆದಿದೆ. ಮುಂದೆ ಎಲ್ಲ ಅಂಗಡಿಯಿಂದ ತಂದ ಹಾಗೇ ಇದೆ. ಅಂದರೆ ಬರೀ ಹಾಜರಿ ಹಾಕಿದೀಯ, ಕಾಲೇ ಎತ್ತಿಲ್ಲ." ಹಾಳೆ ತಿರುವಲು ಹೋದರೆ ತ್ರಿಕೋನಮಿತಿ ಬಿಡಿಸಿಕೊಳ್ಳಲಿಲ್ಲ. "ಇದೇನೋ ಅಂಟಿಕೊಂಡಿದೆ?"

"ಸಲೂಷನ್ ಆಂಟಿ," ಅಂದೆ.

"ಒಳ್ಳೇದು. ಪುಸ್ತಕಕ್ಕೆ ಅಂಟಿದ್ದು ನಿನಗೂ ಅಂಟುತ್ತೆ. ನಾಳೆಯಿಂದ ಬೆಳಿಗ್ಗೆ ಏಳಕ್ಕೆ ನಮ್ಮನೆಗೆ ಬಾ."

ಆಮೇಲೆ ನನ್ನದೇ ರಟ್ಟಿನ ಚೀಟಿಯೊಂದನ್ನು ಎತ್ತಿಕೊಂಡು, ನನ್ನದೇ ಪೆನ್ನಿನಲ್ಲಿ ಏನೋ ಬರೆದು, ದಾರ ಪೋಣಿಸಿ ನನ್ನ ಶರ್ಟಿನ ಗುಂಡಿಗೆ ಕಟ್ಟಿದರು. ತಲೆಕೆಳಗಾಗಿ ಓದಿದೆ.

*ಹುಡುಗ. ಎರಡು ಸೋಲು. ರಿಪೇರಿ ಸಾಧ್ಯ.*

ಮಾವ ಬಗ್ಗಿ ಓದಿದ. ಗಿರಾಕಿಗಳು ನಮ್ಮನ್ನು ಕೇಳುವ ಧಾಟಿಯಲ್ಲೇ ಕೇಳಿದ: "ಡೆಲಿವರಿ ಯಾವತ್ತು ಮೇಡಂ?"

"ಮಾರ್ಚಿಗೆ," ಅಂದರು ಆಂಟಿ. "ಖಂಡಿತ."